ಉತ್ಸಾಹ ಮೊದಲು ಬಂತು, ಕಾಲಿನ ಬಲ ಆಮೇಲೆ

ಮಧ್ಯಾಹ್ನ ಊಟವಾದ ಮೇಲೆ ಕಚೇರಿಯ ಕುರ್ಚಿಯಲ್ಲೇ ತೂಕಡಿಸುವುದನ್ನು ನಾನು ಹಲವು ವರ್ಷ ವಯಸ್ಸಿನ ಲೆಕ್ಕಕ್ಕೆ ಹಾಕಿಕೊಂಡಿದ್ದೆ. ನನ್ನ ಗೊರಕೆ ನಡುವೆ ಪೂರ್ತಿ ನಿಂತು, ಬಳಿಕ ಉಸಿರು ಕಟ್ಟಿದವನಂತೆ ಬೆಚ್ಚಿ ಮತ್ತೆ ಆರಂಭವಾಗುತ್ತದೆ ಎಂದು ಹೆಂಡತಿ ಹೇಳಿದ ನಂತರವೇ ನಿದ್ರಾ ಪರೀಕ್ಷೆಗೆ ಒಪ್ಪಿದೆ. ನನ್ನ ಉಸಿರು ಗಂಟೆಗೆ 38 ಬಾರಿ ನಿಲ್ಲುತ್ತಿತ್ತು ಇಲ್ಲವೇ ಕುಗ್ಗುತ್ತಿತ್ತು. ಈ ಸಂಖ್ಯೆ 30 ಮುಟ್ಟಿದರೆ ಅದನ್ನು ತೀವ್ರ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಿದ್ದೆಯಲ್ಲಿ ಗಾಳಿಯ ಒತ್ತಡದಿಂದ ಉಸಿರಿನ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರದ ಮಾಸ್ಕ್ ಒಗ್ಗಲು ಎರಡು ವಾರ ಹಿಡಿಯಿತು. ಮೂರನೆಯ ವಾರ ಯಂತ್ರದ ಪರದೆಯಲ್ಲಿ ಆ ಸಂಖ್ಯೆ 4 ಎಂದು ಕಂಡ ಬೆಳಿಗ್ಗೆ, ತಲೆನೋವಿಲ್ಲದೆ ಏಳುವುದು ಹೇಗಿರುತ್ತದೆ ಎಂಬುದು ನೆನಪಾಯಿತು.

ಆ ಉತ್ಸಾಹದಲ್ಲಿ ಮುಂದಿನ ಭಾನುವಾರವೇ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೊರಟೆ. ಕಾಲೇಜಿನ ದಿನಗಳಲ್ಲಿ ಸಾವಿರ ಮೆಟ್ಟಿಲನ್ನೂ ನಿಲ್ಲದೆ ಹತ್ತಿದವನಿಗೆ ನಂದಿಯವರೆಗೆ ಹೋಗುವಷ್ಟರಲ್ಲಿ ಏದುಸಿರು ಬಂತು, ಇಳಿಯುವಾಗ ತೊಡೆ ನಡುಗಿತು, ಮರುದಿನ ಬಲಗಾಲಿನ ಹಿಮ್ಮಡಿಯ ಮೇಲ್ಭಾಗ ಊದಿಕೊಂಡಿತು. ವ್ಯಾಯಾಮಕ್ಕೆ ಹೃದಯವೂ ಉಸಿರೂ ಬೇಗ ಹೊಂದಿಕೊಳ್ಳುತ್ತವೆ, ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜುಗಳು ಮಾತ್ರ ತಿಂಗಳುಗಟ್ಟಲೆ ಸಮಯ ಬೇಡುತ್ತವೆ ಎಂದು ಫಿಸಿಯೋಥೆರಪಿಸ್ಟ್ ವಿವರಿಸಿದರು. ನಿದ್ದೆ ವಾಸಿಯಾದದ್ದನ್ನು ದೇಹ ವಾಸಿಯಾಯಿತೆಂದು ನಾನು ತಿಳಿದಿದ್ದೆ.

ಮೂರು ವಾರ ಬಿಟ್ಟು ಕುಕ್ಕರಹಳ್ಳಿ ಕೆರೆಯ ಸಮತಟ್ಟಾದ ದಾರಿಯಲ್ಲಿ ದಿನಕ್ಕೆ 15 ನಿಮಿಷದ ನಡಿಗೆಯಿಂದ ಮತ್ತೆ ತೊಡಗಿದೆ. ಪಕ್ಕದವರೊಡನೆ ಮಾತನಾಡಬಹುದು, ಆದರೆ ಹಾಡಲಾಗದು ಎನ್ನುವಷ್ಟು ವೇಗ ಸಾಕಾಗಿತ್ತು. ಮರುದಿನ ಬೆಳಿಗ್ಗೆ ಆಯಾಸ ಉಳಿದಿರದ ವಾರ ಮಾತ್ರ 5 ನಿಮಿಷ ಏರಿಸುತ್ತಿದ್ದೆ, ಉಳಿದಿದ್ದರೆ ಹಿಂದಿನ ವಾರದಷ್ಟೇ ನಡೆಯುತ್ತಿದ್ದೆ; ಹೀಗಾಗಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ವಾರಕ್ಕೆ 150 ನಿಮಿಷದ ಮಟ್ಟ ಮುಟ್ಟಲು ಹತ್ತು ವಾರ ಬೇಕಾಯಿತು. ವಾರದಲ್ಲಿ ಎರಡು ದಿನ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು ಇಷ್ಟೇ. ಬಸ್ಕಿಗೆ ಬಂದದ್ದು ನಾಲ್ಕನೆಯ ತಿಂಗಳಲ್ಲಿ.

ಇನ್ನೊಂದು ತಪ್ಪನ್ನು ಯಂತ್ರವೇ ಹಿಡಿದುಕೊಟ್ಟಿತು. ಮುಂಜಾನೆಯ ನಡಿಗೆಯೇ ಶ್ರೇಷ್ಠವೆಂಬ ನಮ್ಮೂರಿನ ನಂಬಿಕೆಗೆ ಕಟ್ಟುಬಿದ್ದು ಕೆಲವು ದಿನ ನಾಲ್ಕೂವರೆಗೆ ಮಾಸ್ಕ್ ಕಿತ್ತಿಟ್ಟು ಎದ್ದಿದ್ದೆ. ಏಳು ಗಂಟೆಯ ನಿದ್ದೆ ಐದಕ್ಕೆ ಇಳಿದದ್ದು ಅದರ ದಾಖಲೆಯಲ್ಲಿತ್ತು, ಮಧ್ಯಾಹ್ನದ ತೂಕಡಿಕೆಯೂ ಮರಳಿತ್ತು. ಕನಸು ಕಾಣುವ ಹಂತದ ನಿದ್ದೆ ಹೆಚ್ಚಾಗಿ ಬೀಳುವುದು ಬೆಳಗಿನ ಜಾವದಲ್ಲೇ ಎಂದು ವೈದ್ಯರು ಹೇಳಿದ ಮೇಲೆ ನಡಿಗೆಯನ್ನು ಸಂಜೆ ಐದೂವರೆಗೆ ಬದಲಿಸಿದೆ. ಕೆರೆಯ ಬಳಿಯ ಬೆಳಗಿನ ಗೆಳೆಯರು ಇದನ್ನು ಸೋಮಾರಿತನ ಎಂದೇ ಈಗಲೂ ಕರೆಯುತ್ತಾರೆ.

ಯಂತ್ರ ಹಾಕಿಕೊಂಡ ಮಾತ್ರಕ್ಕೆ ತೂಕ ಇಳಿಯಲಿಲ್ಲ. ಮೊದಲ ಎರಡು ತಿಂಗಳಲ್ಲಿ ಒಂದು ಕಿಲೋ ಏರಿತ್ತು ಕೂಡ. ರಾತ್ರಿಯ ಅನ್ನ ಅರ್ಧ ಮಾಡಿ, ನಡಿಗೆ ಸ್ಥಿರವಾದ ಮೇಲೆ ಎಂಟು ತಿಂಗಳಿಗೆ 88 ಕಿಲೋ 83ಕ್ಕೆ ಬಂತು.

ಎಂಟನೆಯ ತಿಂಗಳ ಕೊನೆಗೆ ಬೆಟ್ಟ ಪೂರ್ತಿ ಹತ್ತಿದೆ, ಮೂರು ಕಡೆ ಕುಳಿತು, ನಂದಿಯ ಎದುರು ಹತ್ತು ನಿಮಿಷ ಹೆಚ್ಚೇ ನಿಂತು. ಮಂಡಿಗೂ ತೊಡೆಗೂ ಪೆಟ್ಟು ಬೀಳುವುದು ಇಳಿಯುವಾಗಲೇ ಹೆಚ್ಚು ಎಂಬುದು ಗೊತ್ತಿದ್ದರಿಂದ ಕೆಳಗೆ ಬರಲು ಬಸ್ಸು ಹಿಡಿದೆ.