ಕಾರು ಮಾರಿದ ಮೇಲೂ ದಂಡ ನನ್ನ ಹೆಸರಿಗೇ: ಸರಿಮಾಡಿದ್ದು ಹೀಗೆ

ದಾವಣಗೆರೆಯ ನನ್ನ ಕೆಎ 17 ಕಾರನ್ನು ಹಿರಿಯೂರಿನವರೊಬ್ಬರಿಗೆ ಮಾರಿ ಐದು ತಿಂಗಳಾದರೂ ಸಿಗ್ನಲ್ ಜಂಪ್ ದಂಡದ ಮೆಸೇಜು ನನ್ನ ಮೊಬೈಲಿಗೇ ಬರುತ್ತಿತ್ತು. ಫಾಸ್ಟ್ಯಾಗ್ ದುಡ್ಡೂ ನನ್ನ ಖಾತೆಯಿಂದಲೇ ಹೋಗುತ್ತಿತ್ತು.

ಕಾರನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಎಂದು ಕೊಂಡವರಿಗೆ ಫೋನ್ ಮಾಡಿದರೆ "ನಾಳೆ ಮಾಡಿಸ್ತೀನಿ ಸರ್" ಅಷ್ಟೇ. ನೋಟರಿ ಮಾಡಿಸಿದ ಕರಾರುಪತ್ರವನ್ನು ಠಾಣೆಗೆ ಒಯ್ದೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂದರು. ಅದು ಸರಿಯೇ. ಅಪಘಾತ ಪರಿಹಾರದ ವಿಷಯದಲ್ಲೂ 2018ರಲ್ಲಿ ಸುಪ್ರೀಂ ಕೋರ್ಟ್ ಹಾಗೇ ಹೇಳಿದೆ. ಹೆಸರು ಬದಲಿಸಲು ಏಜೆಂಟರ ಮೂಲಕ ಸಾರಿಗೆ ಕಚೇರಿಗೆ (ಆರ್‌ಟಿಒ) ಕೊಟ್ಟ ಫಾರಂಗಳು ಹೋದ ಹಾಗೇ ವಾಪಸ್ ಬಂದವು.

ಗಂಟು ಇದ್ದದ್ದು ಬೇರೆ ಕಡೆ. ಕಾರಿನ ಸಾಲ ತೀರಿ ಎರಡು ವರ್ಷವಾಗಿದ್ದರೂ ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿತ್ತು. ಮೊದಲು ಬ್ಯಾಂಕಿನಿಂದ ಆಕ್ಷೇಪವಿಲ್ಲ ಎನ್ನುವ ಹೊಸ ಎನ್‌ಒಸಿ ತಂದೆ. ಅದರ ಜೊತೆ ಬ್ಯಾಂಕಿನ ಸೀಲು, ಸಹಿ ಇರುವ, ಸಾಲ ಮುಗಿದಿದೆ ಎಂದು ತಿಳಿಸುವ ಫಾರಂ 35 ಕೊಟ್ಟು ಸಾಲದ ನಮೂದು ತೆಗೆಸಿದೆ. ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಅದು ಹೋದದ್ದನ್ನು ನೋಡಿಕೊಂಡು, ಬಾಕಿ ದಂಡ ಕಟ್ಟಿ, ಆಮೇಲೆಯೇ ಮಾರಾಟ ತಿಳಿಸುವ ಫಾರಂ 29 ಮತ್ತು ಹೆಸರು ಬದಲಿಸಲು ಇಬ್ಬರ ಸಹಿಯ ಫಾರಂ 30 ಕೊಟ್ಟದ್ದು. ಜೊತೆಗೆ ಚಾಲ್ತಿ ವಿಮೆ, ಹೊಗೆ ತಪಾಸಣೆ ಪತ್ರ. ಫಾರಂ 29ಕ್ಕೆ ಸ್ವೀಕೃತಿ ಪಡೆಯದೆ ಬರಬೇಡಿ. ರಾಜ್ಯದೊಳಗೆ ಮಾರಿದರೆ ಆ ಫಾರಂ ಕೊಡಲು ಕಾನೂನು ಕೊಡುವುದು 14 ದಿನ ಮಾತ್ರ.

ದುಡ್ಡು ಪೂರ್ತಿ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. 2 ಲಕ್ಷ ಅಥವಾ ಹೆಚ್ಚು ನಗದು ಪಡೆದರೆ ಪಡೆದವರಿಗೇ ಅಷ್ಟು ದಂಡ. ಕೀಲಿ ಕೊಟ್ಟ ದಿನ, ಗಂಟೆ, ಕಿಲೋಮೀಟರ್ ಬರೆದು ಸಹಿ ಹಾಕಿಸಿ, ಫಾಸ್ಟ್ಯಾಗ್ ಅವತ್ತೇ ಬಂದ್ ಮಾಡಿಸಿ.