ನೀರಿನ ಸೋರಿಕೆ ಹಿಡಿದು ಬಜೆಟ್ ಉಳಿಸುವುದು ಹೇಗೆ?

ಸ್ಥಳೀಯ ಸಂಸ್ಥೆಗಳು ಖರ್ಚು ಇಳಿಸಲು ಹೊರಟಾಗ ಮೊದಲು ಕತ್ತರಿ ಬೀಳುವುದು ದುರಸ್ತಿ ಬಾಬ್ತಿಗೆ. ಕತ್ತರಿ ಹಾಕಬಾರದ ಜಾಗವೇ ಅದು. ಪಂಪ್ ಮಾಡಿ ನೀರು ಕೊಡುವ ಕಡೆ ಕರೆಂಟ್ ಬಿಲ್ಲೇ ದೊಡ್ಡ ಹೊರೆ. ಪೈಪು ಸೋರಿದಷ್ಟೂ ಆ ಹಣ ಮಣ್ಣುಪಾಲು. ನಿಮಿಷಕ್ಕೆ ಒಂದೇ ಲೀಟರ್ ಸೋರಿದರೂ ದಿನಕ್ಕೆ 1,440 ಲೀಟರ್, ವರ್ಷಕ್ಕೆ 5 ಲಕ್ಷ ಲೀಟರ್ ದಾಟುತ್ತದೆ. ಹೊಸ ಬೋರ್‌ವೆಲ್‌ಗೆ ಹಣ ಕೇಳುವ ಮೊದಲು ಈ ಸೋರಿಕೆ ಹುಡುಕಿ.

ಹಂತ 1: ನೀರುಗಂಟಿಯ ಜೊತೆ ನಡೆದು, ಯಾವ ವಾಲ್ವ್ ಯಾವ ಬೀದಿಗೆ ಎಂದು ಬರೆದುಕೊಳ್ಳಿ. ಕಚೇರಿಯ ಹಳೇ ನಕ್ಷೆಯನ್ನು ನಂಬಬೇಡಿ.

ಹಂತ 2: ರಾತ್ರಿ ಪರೀಕ್ಷೆ. ಕೆಲಸ ಕೆಡುವುದು ಇಲ್ಲೇ. ಜನ ನೀರು ಬಳಸದ ನಡುರಾತ್ರಿ 2ರಿಂದ 4 ಗಂಟೆಯೊಳಗೆ, ಟ್ಯಾಂಕಿನಿಂದ ಎಷ್ಟು ನೀರು ಹೊರಹೋಗುತ್ತಿದೆ ಎಂದು ಅಳೆಯಬೇಕು. ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬಿಡುವ ಊರಾದರೆ ಅಂದು ಸಂಜೆಯಿಂದಲೇ ಲೈನ್ ತುಂಬಿಸಿಡಿ. ಇಲ್ಲದಿದ್ದರೆ ಮನೆಗಳ ಸಂಪು ತುಂಬುವುದೂ ಸೋರಿಕೆಯಂತೆಯೇ ಕಾಣುತ್ತದೆ. ಆಸ್ಪತ್ರೆ, ಹಾಸ್ಟೆಲ್‌ಗಳ ರಾತ್ರಿ ಬಳಕೆಯನ್ನು ಮೀಟರ್ ನೋಡಿ ಕಳೆಯಿರಿ.

ಟ್ಯಾಂಕಿನ ಹೊರಹರಿವಿಗೆ ಮೀಟರ್ ಇಲ್ಲವೇ? ಒಳಹರಿವಿನ ವಾಲ್ವ್ ಮುಚ್ಚಿ, ನೀರಿನ ಮಟ್ಟ ಎಷ್ಟು ಇಳಿಯಿತೆಂದು ಅಳೆಯಿರಿ. 8 ಮೀಟರ್ ವ್ಯಾಸದ ದುಂಡು ಟ್ಯಾಂಕಿನಲ್ಲಿ 1 ಸೆಂ.ಮೀ. ಇಳಿದರೆ ಸುಮಾರು 500 ಲೀಟರ್ ಹೋಯಿತೆಂದು ಅರ್ಥ. ಗಂಟೆಗೆ 12 ಸೆಂ.ಮೀ. ಇಳಿದರೆ 6,000 ಲೀಟರ್.

ಈಗ ಅತಿ ದೂರದ ಬೀದಿಯಿಂದ ಶುರುಮಾಡಿ ಒಂದೊಂದೇ ವಾಲ್ವ್ ಮುಚ್ಚುತ್ತ ಬನ್ನಿ. ಪ್ರತಿ ಸಲ 15 ನಿಮಿಷ ಕಾದು ಅಳತೆ ಬರೆಯಿರಿ. ಯಾವ ವಾಲ್ವ್ ಮುಚ್ಚಿದಾಗ ಹರಿವು ಥಟ್ಟನೆ ಕುಸಿಯಿತೋ ಸೋರಿಕೆ ಆ ಬೀದಿಯಲ್ಲಿದೆ. ಹಳೇ ವಾಲ್ವ್‌ಗಳು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಆದ್ದರಿಂದ ಮುಚ್ಚಿದ ಮೇಲೆ ಆ ಬೀದಿಯ ನಲ್ಲಿಯೊಂದನ್ನು ತಿರುಗಿಸಿ ನೋಡಿ. ಧಾರೆ ನಿಲ್ಲದೆ ಬರುತ್ತಲೇ ಇದ್ದರೆ ಆ ಅಳತೆ ಲೆಕ್ಕಕ್ಕಿಲ್ಲ. ಮತ್ತೆ ತೆರೆಯುವಾಗ ಅವಸರ ಬೇಡವೇ ಬೇಡ. ನೀರು ಒಮ್ಮೆಲೇ ನುಗ್ಗಿದರೆ ಹಳೇ ಪೈಪು ಇನ್ನೊಂದು ಕಡೆ ಒಡೆಯುತ್ತದೆ. ಒತ್ತಡ ಇಳಿದಾಗ ಬಿರುಕಿನಿಂದ ಚರಂಡಿ ನೀರು ಒಳಸೇರಬಹುದು. ಹಾಗಾಗಿ ಮೊದಲ ನೀರನ್ನು ಹೊರಗೆ ಹರಿಸಿ, ಕೊನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಪರೀಕ್ಷಿಸಿ.

ಹಂತ 3: ಅಗೆದು ದುರಸ್ತಿ. ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿಯುವುದನ್ನು ದಯವಿಟ್ಟು ನಿಲ್ಲಿಸಿ. ಮಣ್ಣು ಮುಚ್ಚಿದ ಮೇಲೆ ಅದು ಸಡಿಲವಾಗಿ ಮತ್ತೆ ರಸ್ತೆ ಅಗೆಯುವ ಖರ್ಚು ಬೀಳುತ್ತದೆ. ಪೈಪಿನ ಸುತ್ತ ಪೂರ್ತಿ ಕೂರುವ ಸ್ಟೇನ್‌ಲೆಸ್ ಸ್ಟೀಲ್ ಕ್ಲ್ಯಾಂಪ್ ಹಾಕಿ, ಬೋಲ್ಟ್‌ಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಅಗ್ಗದ ಕ್ಲ್ಯಾಂಪಿನ ತೆಳು ರಬ್ಬರ್ ಬೇಗ ಬಿರುಕು ಬಿಡುತ್ತದೆ, ಅದರಲ್ಲಿ ಉಳಿತಾಯ ನೋಡಬೇಡಿ.

ಹಂತ 4: ಪಂಪ್ ಓಡುವ ಅವಧಿ ಇಳಿಸಿ. ಇದನ್ನು ಮರೆತರೆ ಟ್ಯಾಂಕ್ ತುಂಬಿ ಹರಿಯುತ್ತದೆಯೇ ಹೊರತು ಬಿಲ್ಲು ಇಳಿಯುವುದಿಲ್ಲ. ಉಳಿದ ಹಣದಲ್ಲಿ ಮೊದಲು ಕೆಟ್ಟ ವಾಲ್ವ್‌ಗಳನ್ನು ಬದಲಿಸಿ. ಪ್ರತಿ ಅಳತೆಯ ಪೈಪಿಗೆ ಎರಡೆರಡು ಕ್ಲ್ಯಾಂಪ್ ಉಗ್ರಾಣದಲ್ಲಿರಲಿ.