ಗ್ರಾಫೈಟ್ ಪುಡಿ ನೀರಲ್ಲಿ ಗಂಟು ಕಟ್ಟುತ್ತಿದ್ದರೆ

ವಿಜ್ಞಾನ ಮೇಳಕ್ಕೆ ತಯಾರಿ ಮಾಡಿಸುತ್ತಿರುವ ಮೇಷ್ಟ್ರು, ಮೇಡಂಗಳು ಗಮನಿಸಿ. ಗ್ರಾಫೈಟ್ (ಪೆನ್ಸಿಲ್ ಕಡ್ಡಿಯಲ್ಲಿರುವ ಕಪ್ಪು ಇಂಗಾಲ) ನೀರಿಗಿಂತ ಎರಡು ಪಟ್ಟಿಗೂ ಹೆಚ್ಚು ಸಾಂದ್ರ. ಆದರೂ ನಯವಾದ ಪುಡಿ ಸುರಿದರೆ ಮೇಲೆಯೇ ತೇಲುತ್ತದೆ. ನೀರು ಅದಕ್ಕೆ ಸರಿಯಾಗಿ ಹತ್ತುವುದಿಲ್ಲ, ಕಣಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಅರ್ಧ ಗ್ರಾಂ ಪುಡಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ನೀರು ಒಂದು ಚಮಚ ಹಾಕಿ, ರಾಗಿ ಅಂಬಲಿಗೆ ಹಿಟ್ಟು ಕದಡುವ ಹಾಗೆ ಮೊದಲು ಗಂಟಿಲ್ಲದಂತೆ ಕಲಸಿ. ಆಮೇಲೆ 100 ಮಿ.ಲೀ. ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ನಿಧಾನಕ್ಕೆ ತಿರುವಿ. ಬಾಟಲಿಯಲ್ಲಿ ಕುಲುಕಿದರೆ ಕೆಟ್ಟಿತು: ಗುಳ್ಳೆಗೆ ಅಂಟಿದ ಕಣಗಳು ನೊರೆಯ ಜೊತೆ ಮೇಲೇರುತ್ತವೆ. ಅದಿರಿನಿಂದ ಗ್ರಾಫೈಟ್ ಬೇರ್ಪಡಿಸುವುದೂ ಹೀಗೇ ಅನ್ನಿ.

ಅರಸೀಕೆರೆ ಕಡೆಯ ಗಡಸು ಬೋರ್ ನೀರು ಬೇಡ. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಗ್ರಾಫೈಟ್ ಕಣಗಳ ನಡುವಿನ ವಿಕರ್ಷಣೆಯನ್ನು, ಅಂದರೆ ಒಂದನ್ನೊಂದು ದೂರ ತಳ್ಳುವ ಬಲವನ್ನು, ಕುಗ್ಗಿಸಿ ಒಂದಕ್ಕೊಂದು ಅಂಟುವಂತೆ ಮಾಡುತ್ತವೆ. ಸಕಲೇಶಪುರ, ಮೂಡಿಗೆರೆಯವರಿಗೆ ಮಳೆ ನೀರೇ ಸಾಕು. ಉಳಿದವರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಅಯಾನುಗಳಿಂದ ಕಣಗಳು ಅಂಟುವುದನ್ನೇ ಮಕ್ಕಳಿಗೆ ತೋರಿಸಬಹುದು: ಗ್ರಾಫೈಟ್ ಕಲಸಿದ ನೀರು ಎರಡು ಲೋಟ, ಒಂದಕ್ಕೆ ಮಾತ್ರ ಒಂದು ಚಮಚ ಉಪ್ಪು. ಉಪ್ಪಿನ ಲೋಟದಲ್ಲಿ ಕಣಗಳು ಬೇಗ ಗುಂಪುಗೂಡಿ ತಳ ಸೇರುತ್ತವೆ.

ಪೆನ್ಸಿಲ್ ಕಡ್ಡಿ ಅರೆದು ಹಾಕಬೇಡಿ, ಅದರಲ್ಲಿ ಜೇಡಿಮಣ್ಣೂ ಇರುತ್ತದೆ. ಇನ್ನೊಂದು, ಈ ಪುಡಿ ವಿದ್ಯುತ್ ವಾಹಕ. ಸ್ವಿಚ್‌ಬೋರ್ಡ್ ಹತ್ತಿರ ಹಾರದಂತೆ ನೋಡಿಕೊಳ್ಳಿ.